ಕಪ್ಪೆಯ ಗುರುವಾರ

ಮೊದಲೇ ಹೇಳಿಬಿಡುತ್ತೇನೆ, ಹೊಸ ಕಾರುಗಳ ಮೇಲೆ ನನಗೆ ದ್ವೇಷವೇನೂ ಇಲ್ಲ. ಅವು ಕಾರುಗಳೇ ಅಲ್ಲ ಅಂತಷ್ಟೇ ನನ್ನ ವಾದ. ಬಾನೆಟ್ ಎತ್ತಿದರೆ ಒಳಗೆ ಇನ್ನೊಂದು ಮುಚ್ಚಳ. ಅದರ ಮೇಲೆ ಒಂದು ಕೈಯ ಚಿತ್ರ, ಆ ಕೈಯ ಮೇಲೆ ಅಡ್ಡಗೆರೆ. ನನ್ನ ಕಾರಿನ ಹೊಟ್ಟೆಗೆ ಕೈ ಹಾಕಲು ನನಗೇ ಅಪ್ಪಣೆ ಇಲ್ಲ! ಆಯಿಲ್ ಎಷ್ಟಿದೆ ಅಂತ ನೋಡೋಣವೆಂದರೆ ಅದ್ದಿ ನೋಡುವ ಕಡ್ಡಿಯೇ ಮಾಯ, ಪರದೆಯೇ ಹೇಳುತ್ತದಂತೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ. ಅದರ ಜಾಗದಲ್ಲಿ ಗಾಳಿ ತುಂಬುವ ಒಂದು ಡಬ್ಬಿ, ಜೊತೆಗೊಂದು ಫೋನ್ ನಂಬರು. ಫ್ಯಾನು ಜೋರು ಮಾಡಲು ಮೊದಲು ನಾಬ್ ತಿರುಗಿಸಿದರೆ ಆಗುತ್ತಿತ್ತು. ಈಗ ಪರದೆಯಲ್ಲಿ ಮೂರು ಮನೆ ದಾಟಿ ಹೋಗಬೇಕು, ಅಷ್ಟರಲ್ಲಿ ಎದುರಿಗೆ ಲಾರಿ ಬಂದಿರುತ್ತದೆ.

ನನ್ನ ಹೆಂಡತಿಯದು ಅಂಥದ್ದೇ ಒಂದು. ಬಿಳಿ ಬಣ್ಣ, ಕರೆಂಟಿನದು. ಸದ್ದಿಲ್ಲ, ವಾಸನೆಯಿಲ್ಲ, ಬಾಗಿಲು ಚೂರು ತೆರೆದಿದ್ದರೆ ಕುಂಯ್ ಕುಂಯ್ ಅನ್ನುತ್ತದೆ. ನಾನು ಅದಕ್ಕೆ ಫ್ರಿಜ್ಜು ಅಂತ ಹೆಸರಿಟ್ಟಿದ್ದೇನೆ.

"ಫ್ರಿಜ್ಜಾದ್ರೂ ಆಗ್ಲಿ, ಏಳೂವರೆಗೆ ಹೊರಡು ಅಂದ್ರೆ ಹೊರಡುತ್ತೆ," ಅನ್ನುತ್ತಾಳೆ ಅವಳು. "ನಿಮ್ಮದನ್ನ ಏಳೂವರೆಗೆ ಹೊರಡಿಸ್ಬೇಕು ಅಂದ್ರೆ ಆರೂವರೆಯಿಂದ ಕಾಲು ಹಿಡೀಬೇಕು."

ಅವಳು ಫಿಸಿಯೋಥೆರಪಿಸ್ಟ್. ಆಸ್ಪತ್ರೆಯಲ್ಲಿ ಮಂಡಿ ಹಿಡಿದವರಿಗೆ, ಭುಜ ಬಿದ್ದವರಿಗೆ ವ್ಯಾಯಾಮ ಮಾಡಿಸುವ ಕೆಲಸ. ಲೋಕದ ಎಲ್ಲ ಕಾಯಿಲೆಗೂ ಅವಳ ಹತ್ತಿರ ಇರುವುದು ಒಂದೇ ಮದ್ದು: ಬಳಸಬೇಕು. "ಬಳಸದ ಕೀಲು ಹಿಡ್ಕೊಳ್ಳುತ್ತೆ ಕಣ್ರೀ. ನಿಮ್ಮ ಕಪ್ಪೇನೂ ಅಷ್ಟೇ. ವಾರವೆಲ್ಲ ಮುಸುಕು ಹೊದಿಸಿ ಮಲಗಿಸ್ತೀರ, ಭಾನುವಾರ ಎಬ್ಬಿಸಿ ಮುಖ ತೊಳೀತೀರ. ಮದುವೆಯಾಗಿ ಇಷ್ಟು ವರ್ಷ ಆಯ್ತು, ನನಗೆ ಒಂದು ದಿನ ಅದರ ಕೀಲಿ ಕೊಟ್ಟಿದೀರಾ?"

ಕೊಟ್ಟಿಲ್ಲ. ಯಾರಿಗೂ ಕೊಟ್ಟಿಲ್ಲ. ಮೆಕ್ಯಾನಿಕ್‌ಗೆ ಕೊಡುವ ಪ್ರಸಂಗವೇ ಬರದಿರಲಿ ಅಂತ ಎಲ್ಲ ರಿಪೇರಿಯನ್ನೂ ನಾನೇ ಕಲಿತುಕೊಂಡೆ.

ಕಪ್ಪೆ ನನ್ನ ಕಾರು. ಹಸಿರು ಮೈ, ದುಂಡು ಕಣ್ಣು, ವಯಸ್ಸು ನಲವತ್ತೆರಡು. ತಣ್ಣನೆಯ ಬೆಳಿಗ್ಗೆ ಕೀಲಿ ತಿರುಗಿಸಿದರೆ ಎರಡು ಸಲ ವಟರ್ ವಟರ್ ಅಂದು, ಮೂರನೆಯ ಸಲಕ್ಕೆ ಹಾರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀವು ನಗಬಹುದು, ಆದರೆ ಇದನ್ನು ಹೆತ್ತವನು ನಾನಲ್ಲ, ನನ್ನ ಮಾವ. ಅವರು ಭೂಮಾಪಕರು. ಮೂವತ್ನಾಲ್ಕು ವರ್ಷ ಈ ಕಾರಿನಲ್ಲೇ ಊರೂರು ಅಲೆದು ಜಮೀನು ಅಳೆದರು. ಮುಂದಿನ ಸೀಟಿನಲ್ಲಿ ಅವರ ಅಳತೆಯ ಯಂತ್ರ ಕೂರುತ್ತಿತ್ತು, ಕುಲುಕಬಾರದು ಅಂತ ಅದಕ್ಕೆ ಬೆಲ್ಟು ಬೇರೆ ಹಾಕುತ್ತಿದ್ದರು. ಹಿಂದೆ, ಅವರ ಬೆನ್ನಿಗೇ ಸರಿಯಾಗಿ, ಅತ್ತೆ ಕೂರುತ್ತಿದ್ದರು. ಎಂಟು ವರ್ಷದ ಹಿಂದೆ ಮಾವ ತೀರಿಕೊಂಡಾಗ ಕಾರು ನನ್ನ ಪಾಲಿಗೆ ಬಂತು, ಅತ್ತೆ ನಮ್ಮ ಮನೆಗೆ ಬಂದರು. ಸ್ಟಿಯರಿಂಗಿನಲ್ಲಿ ನಾನು ಕೂತೆ. ಅತ್ತೆ ಅದೇ ಹಿಂದಿನ ಸೀಟಿನ ಅದೇ ಮೂಲೆಯಲ್ಲಿ ಕೂತರು. ನಾನೂ ಬೇರೆ ಕಡೆ ಕೂರಿ ಅನ್ನಲಿಲ್ಲ, ಅವರೂ ಕೇಳಲಿಲ್ಲ.

ನನ್ನ ವೃತ್ತಿ ಕನ್ನಡಕದ ಅಂಗಡಿ. ದಿನವಿಡೀ ಸಾಸಿವೆಯಷ್ಟು ಸ್ಕ್ರೂಗಳನ್ನು ಬಿಗಿಮಾಡಿ ಕಣ್ಣು ಬತ್ತಿದವನಿಗೆ ಭಾನುವಾರ ಹೆಬ್ಬೆರಳಿನಷ್ಟು ದಪ್ಪದ ಬೋಲ್ಟು ಸಿಕ್ಕರೆ ಆಗುವ ಆನಂದವೇ ಬೇರೆ. ಆವತ್ತು ಬೆಳಗಾಗುತ್ತಲೇ ಹಳೆಯ ಲುಂಗಿ ಸುತ್ತಿ ಕಪ್ಪೆಯ ಕೆಳಗೆ ತೂರುತ್ತೇನೆ. ಗ್ರೀಸು, ಬೆಲ್ಟು, ಪ್ಲಗ್ಗು ಎಲ್ಲ ನೋಡಿ, ಕೊನೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತೇನೆ. ಒಳಗೆ ಏನು ಸವೆದಿದೆ, ಏನು ಸಡಿಲವಾಗಿದೆ ಅನ್ನುವುದೆಲ್ಲ ನನಗೆ ಕೇಳಿಸುತ್ತದೆ. ಆಗ ನನ್ನನ್ನು ಯಾರಾದರೂ ಊಟಕ್ಕೆ ಕರೆದರೆ ಮಾತ್ರ ಕೇಳಿಸುವುದಿಲ್ಲ.

ಸವೆತ ಅನ್ನುವುದು ಒಂದು ಭಾಷೆ. ಟೈರಿನ ಒಳಅಂಚು ಸವೆದಿದ್ದರೆ ಚಕ್ರ ವಾಲಿದೆ, ಗೇರಿನ ಗುಂಡು ನುಣುಪಾಗಿದ್ದರೆ ಮಾಲೀಕ ಅದರ ಮೇಲೆ ಸುಮ್ಮನೆ ಕೈ ಇಟ್ಟುಕೊಂಡು ಓಡಿಸುವವನು. ಇಂಥದ್ದನ್ನು ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಪ್ಪೆಯಲ್ಲಿ ಡ್ರೈವರ್ ಸೀಟಿನ ಹಿಂದೆ ಕಾಲಿಡುವ ಮ್ಯಾಟು ಮೂರು ಕಡೆ ಸವೆದಿತ್ತು. ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು. ಮೊದಲ ದಿನವೇ ನೋಡಿ ಪತ್ತೆ ಹಚ್ಚಿದೆ: ಮಾವನ ಅಳತೆ ಯಂತ್ರಕ್ಕೆ ಮೂರು ಕಾಲಿನ ಸ್ಟ್ಯಾಂಡು ಇತ್ತು, ಅದನ್ನು ಹಿಂದೆ ಇಡುತ್ತಿದ್ದರು, ಅದರ ಕಾಲು ಉಜ್ಜಿ ಹೀಗಾಗಿದೆ. ಬಂದವರಿಗೆಲ್ಲ ಇದನ್ನು ತೋರಿಸಿ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಒರಿಜಿನಲ್ ಮ್ಯಾಟು ಅಂತ ಅದನ್ನು ಬದಲಾಯಿಸಲೂ ಇಲ್ಲ.

ಇನ್ನೊಂದು ಅಭ್ಯಾಸ ಹೇಳಬೇಕು, ಮುಂದೆ ಆದ ಅನಾಹುತಕ್ಕೆಲ್ಲ ಅದೇ ಕಾರಣ. ಹಳೆಯ ಕಾರುಗಳ ಇಂಜಿನ್ನಿನ ಪಕ್ಕದಲ್ಲಿ ಒಂದು ಟೋಪಿ ಇರುತ್ತದೆ. ಅದನ್ನು ಎತ್ತಿದರೆ ಒಳಗೆ ಹೆಬ್ಬೆರಳಿನ ಗಾತ್ರದ ಒಂದು ಕಪ್ಪು ತುಂಡು, ಹೆಸರು ರೋಟರ್. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರೆ ಕಾರು ಅಲುಗುವುದಿಲ್ಲ, ಯಾವ ಕಳ್ಳನೂ ಏನೂ ಮಾಡಲಾರ. ಮನೆ ಬಿಟ್ಟು ಎಲ್ಲಿ ನಿಲ್ಲಿಸಿದರೂ ನಾನು ರೋಟರ್ ಕಳಚಿ, ನಮ್ಮ ಅಂಗಡಿಯ ನೀಲಿ ಕನ್ನಡಕದ ಪೆಟ್ಟಿಗೆಯೊಳಗಿಟ್ಟು, ಶರ್ಟಿನ ಜೇಬಿಗೆ ಸೇರಿಸುತ್ತೇನೆ. ಕೈ ತನ್ನಷ್ಟಕ್ಕೇ ಮಾಡಿಬಿಡುತ್ತದೆ, ತಲೆಗೆ ಗೊತ್ತೇ ಆಗುವುದಿಲ್ಲ.

ಆರು ತಿಂಗಳ ಹಿಂದೆ ಒಂದು ಸಂಜೆ ಊಟದ ಮೇಜಿನ ಮುಂದೆ ನಾನು ಫ್ರಿಜ್ಜಿಗೆ ಮಂಗಳಾರತಿ ಎತ್ತುತ್ತಿದ್ದೆ. "ಕ್ಲಚ್ಚಿಲ್ಲ, ಗೇರಿಲ್ಲ. ಕಾಲು ಒತ್ತು, ಹೋಗು. ಇದನ್ನ ಓಡಿಸೋರಿಗೆ ಡ್ರೈವರ್ ಅಂತಾರಾ? ಲಿಫ್ಟಿನಲ್ಲಿ ಗುಂಡಿ ಒತ್ತೋರಿಗೂ ಹಾಗಾದ್ರೆ ಲೈಸೆನ್ಸ್ ಕೊಡಿ!"

ಅತ್ತೆ ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. "ಅಳಿಯಂದ್ರೇ, ಗೇರ್ ಹಾಕೋದು ಅಷ್ಟು ಕಷ್ಟಾನಾ?"

"ಕಷ್ಟ ಅಲ್ಲ ಅತ್ತೆ. ಅದೊಂದು ಕಲೆ."

"ಹಾಗಾದ್ರೆ ನಂಗೂ ಕಲಿಸಿ."

ಅತ್ತೆಗೆ ಅರವತ್ತೊಂಬತ್ತು. ನಾನು ನಕ್ಕೆ. ಹೆಂಡತಿ ನಗಲಿಲ್ಲ. ಆಗಲಾದರೂ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆದರೆ ನನ್ನ ಬಾಯಿಗೆ ಬ್ರೇಕು ಕಡಿಮೆ.

"ಆಯ್ತು ಅತ್ತೆ! ಎಪ್ಪತ್ತು ತುಂಬೋದ್ರೊಳಗೆ ನೀವು ಲೈಸೆನ್ಸ್ ತಗೊಂಡ್ರೆ ವಾರಕ್ಕೊಂದು ದಿನ ಕಪ್ಪೆ ನಿಮ್ಮದು. ಕೀಲಿ ಸಮೇತ!"

"ಯಾವ ದಿನ?" ಅಂದರು ಅತ್ತೆ, ಮೊದಲೇ ಯೋಚಿಸಿಟ್ಟುಕೊಂಡವರ ಹಾಗೆ.

"ಯಾವುದೋ ಒಂದು. ಗುರುವಾರ ಅಂತಿಟ್ಕೊಳ್ಳಿ."

ಹೆಂಡತಿ ಎದ್ದು ಹೋಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ವರ್ಷದ ಕೊನೆಯವರೆಗೆ ಎಲ್ಲ ಗುರುವಾರಗಳ ಮೇಲೂ ಹಸಿರು ಪೆನ್ನಿನಲ್ಲಿ ಒಂದೊಂದು ಕಪ್ಪೆ ಬರೆದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಲ್ಲು ಕಚ್ಚಿಕೊಂಡು ಪಾಠ ಶುರು ಮಾಡಿದೆ.

ಗೋದಾಮುಗಳ ಹಿಂದೆ ಒಂದು ಖಾಲಿ ಮೈದಾನವಿದೆ. ಮೊದಲ ದಿನ ಅತ್ತೆಯನ್ನು ಸ್ಟಿಯರಿಂಗಿನಲ್ಲಿ ಕೂರಿಸಿ, ಹತ್ತು ನಿಮಿಷ ಕ್ಲಚ್ಚಿನ ತತ್ವ ಬೋಧಿಸಿದೆ. ಅವರು ಸೀಟು ಮುಂದಕ್ಕೆಳೆದುಕೊಂಡರು, ಕನ್ನಡಿ ಸರಿ ಮಾಡಿಕೊಂಡರು, ತಣ್ಣಗಿದ್ದ ಇಂಜಿನ್ನಿಗೆ ಅಂತ ಚೋಕನ್ನು ಅರ್ಧ ಎಳೆದರು. ಕೀಲಿ ತಿರುಗಿಸಿದರು. ವಟರ್, ವಟರ್, ಆಮೇಲೆ ಗುಂಯ್. ಕ್ಲಚ್ಚು ಮೆಲ್ಲಗೆ ಬಿಟ್ಟರು. ಕಪ್ಪೆ ಕುಲುಕಲಿಲ್ಲ, ಕೆಮ್ಮಲಿಲ್ಲ, ನಿಲ್ಲಲಿಲ್ಲ, ತೊಟ್ಟಿಲು ತೂಗಿದಂತೆ ಹೊರಟಿತು. ನಾನು ಕಲಿಯುವಾಗ ನಮ್ಮ ಕಾಂಪೌಂಡ್ ಗೋಡೆಯನ್ನು ಎರಡು ಸಲ ಕಟ್ಟಿಸಬೇಕಾಗಿತ್ತು. ಇದಕ್ಕೆಲ್ಲ ಏನು ಕಾರಣ ಅಂತ ನನಗೆ ಅನುಮಾನವೇ ಬರಲಿಲ್ಲ: ಗುರು ಒಳ್ಳೆಯವನು! ಮರುದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ನನ್ನ ಬೋಧನಾ ವಿಧಾನವನ್ನು ವಿವರಿಸಿದೆ. ಪಾಪ, ಕಣ್ಣಿಗೆ ಟೆಸ್ಟಿಂಗ್ ಫ್ರೇಮು ಹಾಕಿಕೊಂಡು ಕೂತವರು ಎದ್ದು ಹೋಗುವಂತಿರಲಿಲ್ಲ.

ಗೇರನ್ನು ಕಿವಿಯಿಂದ ಬದಲಾಯಿಸಬೇಕು ಅಂತ ಕಲಿಸಿದೆ. ಇಂಜಿನ್ನು ಗೊಣಗಿದರೆ ಕೆಳಗಿನ ಗೇರು, ಕಿರುಚಿದರೆ ಮೇಲಿನದು. ಅತ್ತೆ ಮನೆಯಲ್ಲೂ ಅಭ್ಯಾಸ ಮಾಡತೊಡಗಿದರು. ಬಟ್ಟೆ ಒಣಗಿಸುತ್ತಾ "ಗುರ್‌ರ್‌..." ಅನ್ನುವರು, ಮೆಟ್ಟಿಲು ಹತ್ತುತ್ತಾ ಎರಡನೆಯ ಗೇರಿಗೆ ಇಳಿಯುವರು. ನಾನು ಅಡುಗೆಮನೆಯಿಂದಲೇ "ಕ್ಲಚ್ಚು, ಅತ್ತೆ!" ಅಂತ ಕೂಗುವೆ. ಕೆಳಗಿನ ಮನೆಯವರು ನಮ್ಮನ್ನು ನೋಡುವ ರೀತಿಯೇ ಬದಲಾಯಿತು.

ಆದರೂ ಅತ್ತೆ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಮೊದಲ ಸಲ ಪರೀಕ್ಷೆಯ ನಡುವೆಯೇ ಗಾಡಿ ನಿಲ್ಲಿಸಿ, ಪರಿಚಯದ ಹೆಂಗಸೊಬ್ಬರನ್ನು ಹಿಂದೆ ಹತ್ತಿಸಿಕೊಂಡರು. "ಪಾಪ, ಎರಡು ಚೀಲ ಹಿಡ್ಕೊಂಡು ಬಿಸಿಲಲ್ಲಿ ನಡೀತಿದ್ಲು. ಪರೀಕ್ಷೆ ಅಂತ ಮುಖ ತಿರುಗಿಸ್ಕೊಂಡು ಹೋಗ್ಲಾ?" ಎರಡನೆಯ ಸಲ ಪರೀಕ್ಷಕರು ಎಡಕ್ಕೆ ಅಂದರೆ ಇವರು ಬಲಕ್ಕೆ ತಿರುಗಿಸಿದರು. "ಎಡಕ್ಕೆ ರಸ್ತೆ ಚೆನ್ನಾಗಿಲ್ಲ ಸಾರ್. ಟೈರಿಗೆ ಏನಾದ್ರೂ ಆದ್ರೆ ನಮ್ಮ ಅಳಿಯಂದ್ರು ಊಟ ಬಿಡ್ತಾರೆ." ಆ ಸಲ ಫೇಲು ಮಾಡಿದವರು ಪರೀಕ್ಷಕರಲ್ಲ, ನಾನೇ.

ಅತ್ತೆಯ ಕಲಿಕಾ ಲೈಸೆನ್ಸಿನ ಅವಧಿ ಮುಗಿಯಲು ಒಂದೇ ವಾರ ಉಳಿದಿತ್ತು, ಎಪ್ಪತ್ತು ತುಂಬಲು ಹದಿನೈದು ದಿನ. ಮೂರನೆಯ ಪರೀಕ್ಷೆಯ ಹಿಂದಿನ ಸಂಜೆ ಅತ್ತೆ ನನ್ನ ಹತ್ತಿರ ಬಂದು, "ಇದೂ ಹೋದ್ರೆ ಇನ್ನು ಕೇಳಲ್ಲ ಅಳಿಯಂದ್ರೇ. ಸುಮ್ನೆ ನಿಮಗೂ ತೊಂದ್ರೆ," ಅಂದರು. ನಗುನಗುತ್ತಲೇ ಅಂದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ನಿಜ ಹೇಳಲೇ? ನನ್ನೊಳಗೆ ಇಬ್ಬರಿದ್ದರು. ಒಬ್ಬ, ಅತ್ತೆ ಪಾಸಾಗಲಿ ಅಂತ ದೇವರಿಗೆ ಕೈ ಮುಗಿಯುತ್ತಿದ್ದ. ಇನ್ನೊಬ್ಬ ಕ್ಯಾಲೆಂಡರಿನ ಕಪ್ಪೆಗಳನ್ನು ಎಣಿಸುತ್ತಿದ್ದ.

ಪರೀಕ್ಷೆಯ ದಿನ ಕಪ್ಪೆಯಲ್ಲಿ ನಾನೂ ಅತ್ತೆಯೂ ಹೋದೆವು. ಹೆಂಡತಿ ಆಮೇಲೆ ನೇರ ಆಸ್ಪತ್ರೆಗೆ ಹೋಗಬೇಕು ಅಂತ ಫ್ರಿಜ್ಜಿನಲ್ಲಿ ಹಿಂದೆ ಬಂದಳು. ಮೈದಾನದ ತುಂಬ ಕಲಿಯುವವರ ಗಾಡಿಗಳು, ಬೆಂಚಿನ ಮೇಲೆ ಉಗುರು ಕಚ್ಚುವವರ ಸಾಲು. ಪರೀಕ್ಷಕರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಅವರನ್ನು ಕರೆಯುತ್ತಿದ್ದುದು ಕೆಂಪು ಪೆನ್ನು ಅಂತ.

ಕೆಂಪು ಪೆನ್ನು ಕಿಟಕಿಯ ಹಿಂದೆ ಕೂತು ಅರ್ಜಿ ನೋಡುತ್ತಿದ್ದರು. ಎರಡು ಸಾಲು ಓದುವಷ್ಟರಲ್ಲಿ ಕನ್ನಡಕ ಮೂಗಿನಿಂದ ಜಾರುತ್ತಿತ್ತು, ಬೆರಳಿಂದ ಮೇಲಕ್ಕೆ ತಳ್ಳುತ್ತಿದ್ದರು, ಮತ್ತೆ ಜಾರುತ್ತಿತ್ತು. ಇದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು. ನೆಗಡಿ ಕಂಡ ಡಾಕ್ಟರಿನ ಪಾಡು ನನ್ನದು.

"ಸಾರ್, ಒಂದು ನಿಮಿಷ ಕೊಡಿ. ಸ್ಕ್ರೂ ಸಡಿಲ ಆಗಿದೆ."

"ಯಾರಿಗೆ?" ಅಂದರು ಅವರು.

"ಕನ್ನಡಕಕ್ಕೆ ಸಾರ್."

ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಎರಡೂ ಕಡೆ ಬಿಗಿ ಮಾಡಿದೆ, ಮೂಗಿನ ಹತ್ತಿರ ಕೊಂಚ ಒತ್ತಿದೆ, ಶರ್ಟಿನ ಅಂಚಿನಿಂದ ಒರೆಸಿದೆ. "ಜೇಬಿಗೆ ಹಾಗೇ ಹಾಕ್ಕೊಂಡ್ರೆ ಹೀಗೇ ಆಗೋದು ಸಾರ್. ಗಾಡೀಲಿ ಹೋಗುವಾಗ ಪೆಟ್ಟಿಗೇಲಿ ಇಟ್ಕೊಳ್ಳಿ," ಅಂತ ಜೇಬಿನಲ್ಲಿದ್ದ ನಮ್ಮ ಅಂಗಡಿಯ ನೀಲಿ ಪೆಟ್ಟಿಗೆಗಳನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಒಂದರಲ್ಲಿ ಕನ್ನಡಕ ಇಟ್ಟು, ಮುಚ್ಚಿ, ಕೊಟ್ಟೆ, ಇನ್ನೊಂದನ್ನು ಜೇಬಿಗೆ ಸೇರಿಸಿದೆ. ಅಷ್ಟರಲ್ಲಿ ಅವರನ್ನು ಯಾರೋ ಕರೆದರು, ಪೆಟ್ಟಿಗೆ ಹಿಡಿದು ಎದ್ದು ಹೋದರು. ಹಿಂದಿನಿಂದ ಒಬ್ಬ, "ಅಜ್ಜಿ ಪಾಸು ಬಿಡಿ, ಏನೋ ಕೊಟ್ರು," ಅಂತ ಪಿಸುಗುಟ್ಟಿದ್ದು ಕೇಳಿಸಿತು. ನಾನು ಪರೋಪಕಾರಿ ಅನ್ನುವ ಹೆಮ್ಮೆಯಲ್ಲಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಗಂಟೆ ಕಳೆದ ಮೇಲೆ ಗುಮಾಸ್ತೆ ಅತ್ತೆಯ ನಂಬರು ಕೂಗಿದಳು. ಅತ್ತೆ ಕಪ್ಪೆಯಲ್ಲಿ ಕೂತರು, ಚೋಕು ಎಳೆದರು, ಕೀಲಿ ತಿರುಗಿಸಿದರು. ವಟರ್, ವಟರ್, ವಟರ್, ವಟರ್. ಹಾರಲಿಲ್ಲ. ಮತ್ತೆ ತಿರುಗಿಸಿದರು. ವಟರ್, ವಟರ್. ಸಾಲಿನಲ್ಲಿದ್ದವರು ನಗತೊಡಗಿದರು. ಅತ್ತೆ ಇಳಿದು ಬಂದು, ತಾವೇ ಬಾನೆಟ್ ಎತ್ತಿ, ಟೋಪಿ ತೆಗೆದು ನೋಡಿ, ನನ್ನತ್ತ ತಿರುಗಿದರು.

"ಅಳಿಯಂದ್ರೇ, ಒಳಗಿನದು ಎಲ್ಲಿ?"

ಗಾಡಿ ನಿಲ್ಲಿಸಿದಾಗ ಕೈ ತನ್ನ ಕೆಲಸ ತಾನು ಮಾಡಿಬಿಟ್ಟಿತ್ತು!

"ನೀವು ಬೇಕಂತಲೇ ಮಾಡಿದ್ರಿ," ಅಂದಳು ಹೆಂಡತಿ. ಅವಳ ದನಿ ತಣ್ಣಗಿತ್ತು, ಅದೇ ಹೆಚ್ಚು ಭಯ. "ಕೊಡೋಕೆ ಮನಸ್ಸಿಲ್ಲ ಅಂತ ಬಾಯಲ್ಲಿ ಹೇಳ್ಬಹುದಿತ್ತು."

"ಇಲ್ಲ ಕಣೇ! ಅಭ್ಯಾಸ! ಇಲ್ಲೇ ಇದೆ, ಜೇಬಲ್ಲೇ!" ಅಂತ ಜೇಬು ಮುಟ್ಟಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕಂಡಿರಬೇಕು.

"ಐದು ನಿಮಿಷ. ಗಾಡಿ ಹೊರಡದಿದ್ರೆ ಮುಂದಿನವರನ್ನ ಕರೀತೀನಿ," ಅಂದಳು ಗುಮಾಸ್ತೆ.

"ನನ್ನ ಕಾರಿದೆ, ಅದರಲ್ಲಿ ಕೊಡ್ತಾರೆ," ಅಂದಳು ಹೆಂಡತಿ.

"ಕೊಡ್ಲಿ. ಆದ್ರೆ ಗೇರಿಲ್ಲದ ಗಾಡೀಲಿ ಪಾಸಾದ್ರೆ ಗೇರಿಲ್ಲದ ಗಾಡಿಗೇ ಲೈಸೆನ್ಸು. ಇದನ್ನ ಮುಟ್ಟೋ ಹಾಗಿಲ್ಲ."

ಅತ್ತೆ ಕಪ್ಪೆಯನ್ನೊಮ್ಮೆ ನೋಡಿದರು. "ಆಯ್ತು, ಅದೇ ಆಗ್ಲಿ. ಏನೂ ಇಲ್ಲದ್ದಕ್ಕಿಂತ ವಾಸಿ," ಅಂದು ಫ್ರಿಜ್ಜಿನ ಕಡೆಗೆ ಹೊರಟರು.

ಅದೇ ಹೊತ್ತಿಗೆ ನಾನು ಜೇಬಿನ ನೀಲಿ ಪೆಟ್ಟಿಗೆ ತೆರೆದೆ. ಒಳಗಿದ್ದದ್ದು ಕೆಂಪು ಪೆನ್ನಿನ ಕನ್ನಡಕ. ಎರಡು ಪೆಟ್ಟಿಗೆ, ಒಂದೇ ಬಣ್ಣ. ರೋಟರ್ ಯಾರ ಜೇಬಿನಲ್ಲಿದೆ ಅನ್ನುವುದು ಈಗ ಈ ಲೋಕದಲ್ಲಿ ನನಗೊಬ್ಬನಿಗೇ ಗೊತ್ತು.

ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಪೆಟ್ಟಿಗೆ ಮುಚ್ಚಿಬಿಟ್ಟೆ. ಸುಮ್ಮನಿದ್ದರೆ ಸಾಕಿತ್ತು. ಅತ್ತೆಗೆ ಒಂದು ಲೈಸೆನ್ಸ್ ಸಿಗುತ್ತದೆ, ಅವರು ಮಗಳ ಕಾರು ಓಡಿಸುತ್ತಾರೆ, ಕಪ್ಪೆ ನನಗೇ ಉಳಿಯುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಎರಡು ಉಸಿರಿನಷ್ಟು ಹೊತ್ತು ನಾನು ಹಾಗೇ ನಿಂತಿದ್ದೆ.

ಅತ್ತೆ ಫ್ರಿಜ್ಜಿನ ಹತ್ತಿರ ಹೋದರು. ಹೋದವರು ಹಿಂದಿನ ಬಾಗಿಲು ತೆಗೆದರು. ಒಂದು ಕಾಲು ಒಳಗೆ ಇಟ್ಟೂ ಬಿಟ್ಟರು. ಆಮೇಲೆ ನೆನಪಾಗಿ, "ಅಯ್ಯೋ," ಅಂತ ತಮ್ಮಷ್ಟಕ್ಕೇ ನಕ್ಕು, ಕಾಲು ಹೊರಗೆ ತೆಗೆದು, ಬಾಗಿಲು ಮುಚ್ಚಿ, ಮುಂದಿನ ಬಾಗಿಲಿಗೆ ನಡೆದರು. ಅವರ ಕೈಗೂ ಒಂದು ಅಭ್ಯಾಸವಿತ್ತು.

ನಾನು ಓಡಿದೆ. ಐವತ್ತು ದಾಟಿದ ಮೇಲೆ ನಾನು ಹಾಗೆ ಓಡಿದ್ದಿಲ್ಲ. ಕನ್ನಡಕವನ್ನು ಬಾವುಟದ ಹಾಗೆ ಬೀಸುತ್ತಾ, "ಅತ್ತೇ, ಹತ್ತಬೇಡಿ! ಸಾರ್, ತೆಗೀಬೇಡಿ!" ಅಂತ ಅರಚುತ್ತಾ ಮೈದಾನದ ನಡುವೆ ಓಡಿದೆ. ಆಚೆ ಕಡೆಯಿಂದ ಕೆಂಪು ಪೆನ್ನು ರೋಟರನ್ನು ಎರಡೇ ಬೆರಳಲ್ಲಿ ದೂರಕ್ಕೆ ಹಿಡಿದುಕೊಂಡು ನನ್ನ ಕಡೆಗೇ ಬರುತ್ತಿದ್ದರು.

"ಏನ್ರೀ ಇದು? ಕನ್ನಡಕ ಕೊಟ್ರೆ ಜಿರಲೆ ವಾಪಸ್ ಕೊಟ್ಟಿದೀರ!"

"ಜಿರಲೆ ಅಲ್ಲ ಸಾರ್, ಅದು ನಮ್ಮತ್ತೆಯ ಗುರುವಾರ!"

ಅವರಿಗೆ ಏನೂ ಅರ್ಥವಾಗಲಿಲ್ಲ. ಅರ್ಥ ಮಾಡಿಸುವಷ್ಟು ಹೊತ್ತೂ ಇರಲಿಲ್ಲ. ಕನ್ನಡಕ ಅವರ ಮೂಗಿಗೇರಿಸಿ, ರೋಟರ್ ಕಿತ್ತುಕೊಂಡು ಕಪ್ಪೆಯ ಹತ್ತಿರ ಓಡಿದೆ. ಕಣ್ಣು ಕಟ್ಟಿದರೂ ಜೋಡಿಸುವ ತುಂಡನ್ನು ಗಡಿಬಿಡಿಯಲ್ಲಿ ತಲೆಕೆಳಗಾಗಿ ತುರುಕುತ್ತಿದ್ದೆ. ಅತ್ತೆ ನನ್ನ ಕೈಯಿಂದ ತೆಗೆದುಕೊಂಡು ಕಟಕ್ ಅಂತ ಕೂರಿಸಿ, ಟೋಪಿ ಮುಚ್ಚಿ, ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಸ್ಟಿಯರಿಂಗಿನಲ್ಲಿ ಕೂತರು. ಕೆಂಪು ಪೆನ್ನು ಪಕ್ಕದಲ್ಲಿ ಕೂತರು. ವಟರ್, ವಟರ್, ಗುಂಯ್!

ಅವರು ಗೇಟು ದಾಟಿ ಹೋದ ಮೇಲೆ ನಾನು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತೆ. ಕಾಂಪೌಂಡಿನಾಚೆ ಕಪ್ಪೆಯ ದನಿ ಕೇಳುತ್ತಿತ್ತು. ಮೊದಲನೆಯ ಗೇರು. ಎರಡು. ಈಗ ಮೂರು ಹಾಕಿ ಅತ್ತೆ, ಅಂದುಕೊಳ್ಳುವಷ್ಟರಲ್ಲಿ ಮೂರು ಬಿತ್ತು. ತಿರುವಿನಲ್ಲಿ ಎರಡಕ್ಕೆ ಇಳಿಯಿತು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಏರಿನಲ್ಲಿ ನಿಲ್ಲಿಸಿ ಹೊರಡಿಸಿದ್ದೂ ಕೇಳಿಸಿತು, ಒಂದು ಗುಲಗಂಜಿಯಷ್ಟೂ ಹಿಂದೆ ಜಾರಲಿಲ್ಲ. ಹೆಂಡತಿ ಯಾವಾಗಲೋ ಬಂದು ನನ್ನ ಕೈ ಹಿಡಿದು ಕೂತಿದ್ದಳು. ಆಸ್ಪತ್ರೆಗೆ ತಡವಾಗಿದ್ದು ನನಗೂ ನೆನಪಾಗಲಿಲ್ಲ, ಅವಳಿಗೂ ನೆನಪಾಗಲಿಲ್ಲ.

ಕಪ್ಪೆ ವಾಪಸು ಬಂತು. ಹಿಂದಿನ ಸೀಟಿನಲ್ಲಿ ಈ ಸಲ ಯಾರೂ ಇರಲಿಲ್ಲ. ಕೆಂಪು ಪೆನ್ನು ಇಳಿದು, ಜಾರದ ಕನ್ನಡಕದೊಳಗಿಂದ ಅತ್ತೆಯನ್ನು ದಿಟ್ಟಿಸಿದರು.

"ನಿಜ ಹೇಳಿ ಅಮ್ಮ. ಲೈಸೆನ್ಸ್ ಇಲ್ದೆ ಎಷ್ಟು ವರ್ಷದಿಂದ ಓಡಿಸ್ತಿದೀರ? ಇದು ಆರು ತಿಂಗಳ ಕಾಲಲ್ಲ."

"ಅಯ್ಯೋ, ಮುಟ್ಟಿದ್ದೇ ಇಲ್ಲ ಸಾರ್. ಎಲ್ಲ ನಮ್ಮ ಅಳಿಯಂದ್ರು ಕಲಿಸಿದ್ದು."

ನಾನು ಎಷ್ಟು ಉಬ್ಬಿದೆ ಅಂದರೆ ಶರ್ಟಿನ ಗುಂಡಿ ಕಿತ್ತು ಬರುವುದೊಂದು ಬಾಕಿ. ಕೆಂಪು ಪೆನ್ನು ತಮ್ಮ ಪೆನ್ನು ತೆಗೆದು ಪಾಸು ಅಂತ ಬರೆದರು. ಆ ಪೆನ್ನಿನ ಶಾಯಿ ನೀಲಿ. ಜನ ಏನೇನೋ ಹೆಸರಿಡುತ್ತಾರೆ. ನಾನು ಅಲ್ಲೇ ಕುಣಿದೆ. ಅತ್ತೆ ಹಾರ್ನ್ ಮೇಲೆ ಕೈ ಇಟ್ಟು ತೆಗೆಯಲೇ ಇಲ್ಲ, ಸಾಲಿನಲ್ಲಿದ್ದ ಕಲಿಯುವವರೆಲ್ಲ ತಮ್ಮ ತಮ್ಮ ಹಾರ್ನ್ ಒತ್ತಿದರು, ಫ್ರಿಜ್ಜಿನ ಬಾಗಿಲು ಅರ್ಧ ತೆರೆದಿದ್ದರಿಂದ ಅದೂ ಕುಂಯ್ ಕುಂಯ್ ಅಂತ ಸೇರಿಕೊಂಡಿತು.

ಗುರುವಾರ ಬಂತು. ನಾನು ಅಂಗಡಿಗೆ ರಜೆ ಹಾಕಿದೆ. ಅತ್ತೆಯ ಸಂತೋಷ ನೋಡಲು ಅಂತ ಎಲ್ಲರಿಗೂ ಹೇಳಿದೆ. ಕಪ್ಪೆಗೆ ಗೀರು ಬಿದ್ದೀತು ಅನ್ನುವುದು ನಿಜವಾದ ಕಾರಣ. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈ ಚಾಚಿ ನಿಂತರು. ಕೀಲಿ ಕೊಟ್ಟೆ. ಕೈ ಹಿಂದಕ್ಕೆ ಹೋಗಲಿಲ್ಲ.

"ಅದೂ," ಅಂದರು.

ಆವತ್ತು ಮನೆಯಲ್ಲೇ ಕೈ ಕಳಚಿಟ್ಟುಕೊಂಡಿದ್ದ ರೋಟರಿನ ನೀಲಿ ಪೆಟ್ಟಿಗೆಯನ್ನೂ ಕೊಟ್ಟೆ.

"ಎಲ್ಲಿಗೆ ಹೋಗೋದು ಅತ್ತೆ?"

"ಎಲ್ಲಿಗೂ ಇಲ್ಲ. ಸುಮ್ನೆ ಹೋಗೋದು. ಇಷ್ಟು ದಿನ ಎಲ್ಲಿಗೋ ಹೋಗೋರ ಜೊತೆಗೇ ಹೋಗಿದ್ದಾಯ್ತು."

ಮುಂದಿನ ಸೀಟಿನಲ್ಲಿ ಅವರ ಮಗಳು ಆಗಲೇ ಕೂತು ಬೆಲ್ಟು ಹಾಕಿಕೊಂಡಿದ್ದಳು. ಉಳಿದದ್ದು ಹಿಂದಿನ ಸೀಟು. ಎಂಟು ವರ್ಷದಲ್ಲಿ ಅದನ್ನು ಸಾವಿರ ಸಲ ಒರೆಸಿದ್ದೇನೆ, ಒಂದು ಸಲವೂ ಕೂತಿರಲಿಲ್ಲ. ಅತ್ತೆಯ ಬೆನ್ನಿಗೆ ಸರಿಯಾಗಿ ಕೂತೆ. ಅಲ್ಲಿಂದ ಜಗತ್ತು ಬೇರೆಯೇ. ಮುಂದಿನ ಗ್ಲಾಸು ಚಿಕ್ಕದು, ಓಡಿಸುವವರ ತಲೆ ದೊಡ್ಡದು. ರಸ್ತೆಯ ಅರ್ಧ ಕಾಣುವುದಿಲ್ಲ. ಗೇರು ಬದಲಾದದ್ದು ಭುಜದ ಅಲುಗಾಟದಲ್ಲಿ ತಿಳಿಯುತ್ತದೆ, ಬ್ರೇಕು ಬಿದ್ದದ್ದು ಹೊಟ್ಟೆಯಲ್ಲಿ. ಕಪ್ಪೆ ಬೀದಿ ದಾಟಿ ದೊಡ್ಡ ರಸ್ತೆಗೆ ಬಂತು. ಅಮ್ಮ ಮಗಳು ಇಬ್ಬರೂ ಏನಕ್ಕೋ ಜೋರಾಗಿ ನಗುತ್ತಿದ್ದರು. ಏನಕ್ಕೆ ಅಂತ ಹಿಂದಿನ ಸೀಟಿಗೆ ಕೇಳಿಸಲಿಲ್ಲ.

ವೃತ್ತದ ಹತ್ತಿರ ಪಕ್ಕದಿಂದ ಒಂದು ಬಸ್ಸು ನುಗ್ಗಿತು. ಅತ್ತೆ ಸರಿಯಾದ ಹೊತ್ತಿಗೆ ಬ್ರೇಕು ಹಾಕಿದರು, ಎರಡಕ್ಕೆ ಇಳಿಸಿದರು, ಮತ್ತೆ ಹೊರಟರು. ಆದರೆ ಅದಕ್ಕೂ ಮೊದಲೇ ನನ್ನ ಎರಡೂ ಕಾಲು ಹೆದರಿ ನೆಲವನ್ನು ಬಲವಾಗಿ ಒತ್ತಿದ್ದವು. ಎಡಗಾಲು ಒಂದು ಗುಂಡಿಯೊಳಗೆ ಇಳಿದಿತ್ತು. ಬಲಗಾಲು ನಡುವಿನ ಇನ್ನೊಂದು ಗುಂಡಿಯೊಳಗೆ, ಅಳತೆ ತೆಗೆದು ಮಾಡಿಸಿದ ಹಾಗೆ.

ಬಗ್ಗಿ ನೋಡಿದೆ. ಮೂರು ಸವೆತ. ಎಡಕ್ಕೆ ಕ್ಲಚ್ಚು. ನಡುವೆ ಬ್ರೇಕು. ಬಲಕ್ಕೆ ಆಕ್ಸಿಲರೇಟರು, ಅಲ್ಲಿ ಹಿಮ್ಮಡಿ ಊರಿದ ಕುಳಿ ಬೇರೆ.

ಸ್ಟ್ಯಾಂಡಂತೆ, ಮೂರು ಕಾಲಂತೆ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬಂದವರಿಗೆಲ್ಲ ತೋರಿಸಿ ವಿವರಿಸಿದ್ದೆನಲ್ಲ, ಅತ್ತೆಯ ಎದುರಿಗೇ. ಒಂದು ದಿನವಾದರೂ ಅವರು ತಿದ್ದಿರಲಿಲ್ಲ. ತಲೆ ಎತ್ತಿದರೆ ಒಳಗಿನ ಕನ್ನಡಿಯಲ್ಲಿ ಅತ್ತೆಯ ಕಣ್ಣು ನನ್ನನ್ನೇ ನೋಡುತ್ತಿದ್ದವು. ಆ ಕಣ್ಣು ನಗುತ್ತಿದ್ದವು.

"ಅಲ್ಲಿ ಒತ್ತಿದ್ರೆ ಗಾಡಿ ನಿಲ್ಲಲ್ಲ ಅಳಿಯಂದ್ರೇ," ಅಂದರು ಅತ್ತೆ, ಮೂರನೆಯ ಗೇರು ಹಾಕುತ್ತಾ. "ಮೂವತ್ನಾಲ್ಕು ವರ್ಷ ಒತ್ತಿ ನೋಡಿದೀನಿ."